ಅಲ್ಪವಿರಾಮದಲ್ಲಿ ಕಳೆದುಹೋದ ಹನ್ನೆರಡು ವರ್ಷ

ಚಿತ್ರದುರ್ಗದ ಗೆಳೆಯರಿಗೆ,

ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುತ್ತಿದ್ದ ಸ್ಪೇನಿನ ಪಾಬ್ಲೊ ಕಸಾಲ್ಸ್ ಬಗ್ಗೆ ನೀವು ಕಳಿಸಿದ ‘ನಾದಲೋಕದ ತಪಸ್ವಿ’ ಓದಿದೆ. ನಮ್ಮ ಭಾನುವಾರದ ಪುರವಣಿಗೆ ಇಂಥ ವಿಷಯ ಯಾರೂ ಕಳಿಸಿರಲಿಲ್ಲ. ಕಾಗುಣಿತ ಶುದ್ಧವಾಗಿದೆ, ಇಸವಿಗಳೂ ಸರಿ ಇವೆ. ಮೆಚ್ಚುಗೆ ಇಷ್ಟು ಸಾಕು. ಯಾಕಂದ್ರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ನಿಮ್ಮ ಸಾಲು ಇದು: “ಹದಿಮೂರರ ಬಾಲಕನಿಗೆ ಬಾರ್ಸಿಲೋನಾದ ಹಳೆಯ ಅಂಗಡಿಯೊಂದರಲ್ಲಿ ಬಾಖ್‌ನ ಸ್ವರಲಿಪಿ ಸಿಕ್ಕಿತು, ಹನ್ನೆರಡು ವರ್ಷಗಳ ಕಠೋರ ತಪಸ್ಸಿನ ನಂತರ ಸರಸ್ವತಿ ಒಲಿದಳು.”

ಸಿಕ್ಕಿದ್ದಕ್ಕೂ ಒಲಿದದ್ದಕ್ಕೂ ನಡುವೆ ಒಂದು ಅಲ್ಪವಿರಾಮ. ಹನ್ನೆರಡು ವರ್ಷ ಅಷ್ಟರಲ್ಲೇ ಮುಗಿದುಹೋಯಿತು! ಕಠೋರ ತಪಸ್ಸು ಅಂದರೆ ಆ ಹುಡುಗ ದಿನಾ ಮಾಡಿದ್ದೇನು? ಜರ್ಮನ್ ಸಂಗೀತಗಾರ ಬಾಖ್ ಒಂಟಿ ಚೆಲ್ಲೊಗೆ ಬರೆದ ಆ ಆರು ಸ್ವೀಟ್‌ಗಳನ್ನು (suite, ಹಲವು ತುಣುಕು ಪೋಣಿಸಿದ ಕೃತಿ) ಆಗಿನವರು ಕೈ ಪಳಗಿಸಿಕೊಳ್ಳುವ ಪಾಠ ಅಂತಲೇ ನೋಡುತ್ತಿದ್ದರು. ಕಛೇರಿಯಲ್ಲಿ ಒಂದನ್ನು ಪೂರ್ತಿ ನುಡಿಸುವುದು ಅಪರೂಪ. ಇನ್ನೊಂದು ಸಂಗತಿ. ಬಲಗೈಯನ್ನು ಮೈಗೆ ಅಂಟಿಸಿಕೊಂಡೇ ಕಮಾನು ಎಳೆಯಬೇಕು ಅಂತ ಆಗ ಕಲಿಸುತ್ತಿದ್ದರು. ಕಂಕುಳಲ್ಲಿ ಒಂದು ಪುಸ್ತಕ ಇಟ್ಟು, ಅದು ಕೆಳಗೆ ಬೀಳದ ಹಾಗೆ ಅಭ್ಯಾಸ ಮಾಡಿಸುತ್ತಿದ್ದರು. ಕಸಾಲ್ಸ್ ಅದನ್ನು ಒಪ್ಪಲಿಲ್ಲ. ತೋಳನ್ನು ಬಿಡಿಸಿಕೊಂಡರು. ಎಡಗೈಯ ಬೆರಳುಗಳನ್ನು ಅಗಲಿಸಿ ಸ್ವರ ಹಿಡಿದರು. ಸ್ವರಸ್ವರಕ್ಕೂ ಇಡೀ ಕೈಯನ್ನು ತಂತಿ ಮೇಲೆ ಜಾರಿಸುವ ಕಷ್ಟ ಕಮ್ಮಿಯಾಯಿತು.

ಇದು ನಿಮಗೆ ಗೊತ್ತಿಲ್ಲದ್ದೇನಲ್ಲ. ಕೊನೇ ಪುಟದ ಅಡಿಟಿಪ್ಪಣಿಯಲ್ಲಿ ಹಾಕಿದ್ದೀರಿ! ಸರಸ್ವತಿಗೆ ನಡುಮನೆ, ಕಂಕುಳ ಪುಸ್ತಕಕ್ಕೆ ಹಿತ್ತಿಲು. ಇದು ಯಾವ ನ್ಯಾಯ?

ನಾನು ಕೆಲಸ ಕಲಿತದ್ದು ದಾವಣಗೆರೆಯ ಮಂಡಿಪೇಟೆ ಹತ್ತಿರದ ಒಂದು ವಾರಪತ್ರಿಕೆಯ ಪ್ರೆಸ್ಸಿನಲ್ಲಿ. ಇನ್ನೂ ಸೀಸದ ಅಚ್ಚುಮೊಳೆ ಜೋಡಿಸುವ ಕಾಲ. ಕಾಟನ್ ಮಿಲ್ಲುಗಳು ನಡೀತಿದ್ದವು. ಪಾಳಿ ಮುಗಿಸಿದವರು ಮಂಡಕ್ಕಿ ಪೊಟ್ಟಣ ಹಿಡಿದು ಬಂದು ನಮ್ಮ ಬಾಗಿಲಲ್ಲೇ ನಿಂತು ಪೇಪರ್ ಓದುತ್ತಿದ್ದರು. ನಮ್ಮ ಕಂಪೋಸಿಟರ್ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಒತ್ತಕ್ಷರ ಹುಡುಕಿ ಕೂರಿಸೋದು ಅಂದ್ರೆ ಅವರಿಗೆ ಬೇಜಾರು. ಸಂಪಾದಕರು ‘ಅತ್ಯದ್ಭುತ’ ಅಂತ ಬರೆದು ಕೊಟ್ಟರೆ ಕೈಲಿದ್ದ ಮೊಳೆ ಜೋಡಿಸುವ ಸ್ಟಿಕ್ ಕೆಳಗಿಟ್ಟು, “ಇದನ್ನ ಕಟ್ಟಲೇಬೇಕಾ ಸಾರ್? ಬಿಟ್ರೆ ಏನಾದ್ರೂ ಹೋಗುತ್ತಾ?” ಅಂತ ಕೇಳೋರು. ಸಂಪಾದಕರು ಕನ್ನಡಕ ಏರಿಸಿ ಒಮ್ಮೆ ಓದಿ, ಸುಮ್ನೆ ಹೊಡೆದುಹಾಕೋರು. ನಾನು ಪ್ರೂಫ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದೆ. ಯಾವ ವಾರವೂ ಏನೂ ಹೋಗಲಿಲ್ಲ. ಈಗ ಕೀಬೋರ್ಡಲ್ಲಿ ಒತ್ತಕ್ಷರಕ್ಕೆ ಬೆವರು ಸುರಿಸಬೇಕಾಗಿಲ್ಲ, ಅದೇ ತೊಂದರೆ. ನಿಮ್ಮ ಮೊದಲ ಪ್ಯಾರಾ ಕೊಟ್ಟಿದ್ದರೆ ಆ ಮನುಷ್ಯ ಟೀ ಕುಡಿಯೋಕೆ ಎದ್ದು ಹೋಗ್ತಿದ್ದರು.

ಇನ್ನೊಂದು ಸಾಲು: “ಸಂಗೀತವನ್ನೇ ಖಡ್ಗವಾಗಿಸಿ ಸರ್ವಾಧಿಕಾರಿಯ ವಿರುದ್ಧ ಹೋರಾಡಿದ ಮಹಾಚೇತನ.”

ಖಡ್ಗ ಎಲ್ಲಿಂದ ಬಂತು? ಅವರು ಮಾಡಿದ್ದು ನುಡಿಸುವುದನ್ನು ನಿಲ್ಲಿಸಿದ್ದು. 1939ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ನೀವು ಹೇಳುವ ಆ ಸರ್ವಾಧಿಕಾರಿ, ಫ್ರಾಂಕೋ, ಗೆದ್ದ. ಕಸಾಲ್ಸ್ ಗಡಿಯಾಚೆ ಫ್ರಾನ್ಸಿನ ಪ್ರಾದ್ ಎಂಬ ಸಣ್ಣ ಊರಲ್ಲಿ ಉಳಿದರು. ಮಹಾಯುದ್ಧ ಮುಗಿದಾಗ, 1945ರಲ್ಲಿ, ಇಂಗ್ಲೆಂಡಿಗೆ ಹೋಗಿ ನುಡಿಸಿದರು. ಯುದ್ಧ ಗೆದ್ದ ದೇಶಗಳು ಫ್ರಾಂಕೋನನ್ನು ಕೆಳಗಿಳಿಸುವ ಮನಸ್ಸು ಮಾಡುವುದಿಲ್ಲ ಅಂತ ಗೊತ್ತಾಯಿತು. ಕಛೇರಿಗಳನ್ನೇ ಬಿಟ್ಟರು. ಆಗ ಅವರಿಗೆ ಎಪ್ಪತ್ತು ಹತ್ತಿರ. ಆ ವಯಸ್ಸಿನಲ್ಲಿ ಬೆರಳಿಗೆ ಉಳಿದಿರುವ ವರ್ಷಗಳೇ ಎಷ್ಟು ಹೇಳಿ? ಮತ್ತೆ ಕಛೇರಿಗೆ ಕೂತದ್ದು 1950ರಲ್ಲಿ, ಬಾಖ್ ತೀರಿಕೊಂಡು 200 ವರ್ಷವಾದಾಗ. ಅದೂ ಪ್ರಾದ್‌ನಲ್ಲೇ. ಅವರು ಬರೋದಿಲ್ಲ ಅಂದಮೇಲೆ ಬೇರೆ ದೇಶದ ವಾದಕರೇ ಆ ಊರಿಗೆ ಬಂದರು. ಈ ಐದು ವರ್ಷಕ್ಕೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

1961ರ ಶ್ವೇತಭವನದ ಕಛೇರಿಗೆ ಮಾತ್ರ ಇಡೀ ಪ್ಯಾರಾ ಇದೆ. ಕೆನಡಿ ಇದ್ದಾರೆ, ದೀಪಗಳಿವೆ, ಚಪ್ಪಾಳೆ ಇದೆ. ಆದರೆ ಅಮೆರಿಕ ಫ್ರಾಂಕೋ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿದ್ದ ದೇಶ ಅಲ್ವಾ? ಅಂಥ ದೇಶಗಳಲ್ಲಿ ನುಡಿಸೋದಿಲ್ಲ ಅಂದವರು ಅಲ್ಲಿಗೆ ಹೋದದ್ದು ಹೇಗೆ? ಕೆನಡಿ ಮೇಲಿನ ಅಭಿಮಾನಕ್ಕೆ ಪಟ್ಟು ಸಡಿಲಿಸಿದರು. ನಿಮ್ಮ ತಪಸ್ವಿಗೆ ಇದು ಒಪ್ಪುವುದಿಲ್ಲ ಅಂತ ಮುಚ್ಚಿಟ್ಟಿರಿ ಅನ್ನಿಸುತ್ತೆ. ನನಗೆ ಓದಬೇಕು ಅನ್ನಿಸಿದ ಮನುಷ್ಯ ಇರೋದೇ ಅಲ್ಲಿ.

ಮಿಕ್ಕ ಪುಟಗಳ ತಂಟೆಗೆ ನಾನು ಬರೋದಿಲ್ಲ. ಮದುವೆಗಳ ಭಾಗ ಬೇಕಾದರೆ ಇಡಿ, ಬೇಡವಾದರೆ ತೆಗೆಯಿರಿ. ಕಂಕುಳ ಪುಸ್ತಕ ಅಡಿಟಿಪ್ಪಣಿಯಿಂದ ಮೇಲೆ ಬರಲಿ. ಶ್ವೇತಭವನಕ್ಕೆ ಹೋದದ್ದು ಸರಿಯೋ ತಪ್ಪೋ, ನಿಮಗೇನನ್ನಿಸುತ್ತೆ ಅಂತ ಬರೆಯಿರಿ. ತೀರ್ಮಾನಕ್ಕೆ ಬರಲಾಗದಿದ್ದರೆ ಹಾಗಂತಲೇ ಬರೆಯಿರಿ. ತಲೆಬರಹ ನಾನು ಕೊಡ್ತೀನಿ. ಗುರುವಾರದೊಳಗೆ ಕಳಿಸಿದರೆ ಈ ಭಾನುವಾರಕ್ಕೇ ಹಾಕಬಹುದು.