ಸಂಪಾದಕರ ಉತ್ತರ: ಸ್ಟೆಂಟಿನ ತಂತಿ ಮತ್ತು ಮತ್ತೆ ಕಿರಿದಾದ ರಕ್ತನಾಳ

ಕಟಪಾಡಿಯ ಓದುಗರೊಬ್ಬರ ಪತ್ರದ ಸಾರ ಇದು: ಕಳೆದ ಸಂಚಿಕೆಯಲ್ಲಿ ನಾವು ‘ಸ್ಟೆಂಟ್ ಹಾಕಿದ ಜಾಗ ಮತ್ತೆ ಮುಚ್ಚುವುದಿಲ್ಲ’ ಎಂದು ಬರೆದಿದ್ದೆವು (ಸ್ಟೆಂಟ್ ಎಂದರೆ ಕಿರಿದಾದ ರಕ್ತನಾಳವನ್ನು ತೆರೆದಿಡಲು ಒಳಗೆ ಕೂರಿಸುವ ತಂತಿಬಲೆಯ ಕೊಳವೆ). ಅವರ ತಂದೆಯವರಿಗೆ ಸ್ಟೆಂಟ್ ಹಾಕಿಸಿ 14 ತಿಂಗಳಾಗುವಷ್ಟರಲ್ಲಿ ಅದೇ ಜಾಗ ಕಿರಿದಾಗಿದೆ. ವೈದ್ಯರು ತಿಳಿಸಿದ ಎರಡು ಔಷಧ ಲೇಪಿತ ಸ್ಟೆಂಟುಗಳಲ್ಲಿ ಬೆಲೆ ಕಡಿಮೆಯಿದ್ದುದನ್ನು ಒಪ್ಪಿಕೊಂಡವರು ಇವರೇ. ‘ಅಪ್ಪನಿಗೆ ಹೀಗಾದದ್ದು ನನ್ನಿಂದಲೇ?’ ಎಂದು ಕೇಳಿದ್ದಾರೆ.

ಮಾನ್ಯರೇ,

ನಮ್ಮ ಆ ವಾಕ್ಯ ತಪ್ಪು. ಪರಿಶೀಲಿಸದೆ ಅಚ್ಚಿಗೆ ಕಳುಹಿಸಿದ ಹೊಣೆ ನನ್ನದು, ಕ್ಷಮೆ ಕೋರುತ್ತೇನೆ. ಇಂದಿನ ಔಷಧ ಲೇಪಿತ ಸ್ಟೆಂಟುಗಳಲ್ಲಿಯೂ ನೂರಕ್ಕೆ ಐದರಿಂದ ಹತ್ತು ಮಂದಿಗೆ ನಾಳ ಮತ್ತೆ ಕಿರಿದಾಗುವುದುಂಟು.

ಹೀಗೆ ಕಿರಿದಾಗುವುದು ಹೆಚ್ಚಾಗಿ ಹಳೆಯ ಕೊಬ್ಬು ಮರಳಿ ಬಂದುದರಿಂದಲ್ಲ, ಗಾಯ ಮಾಯುವ ಕ್ರಿಯೆ ಅತಿಯಾದುದರಿಂದ. ಸ್ಟೆಂಟನ್ನು ಅರಳಿಸಿ ಕೂರಿಸುವ ಬಲೂನು ಉಬ್ಬಿದಾಗ ಅದರ ತಂತಿಗಳು ನಾಳದ ಗೋಡೆಯನ್ನು ಒತ್ತಿ ಗಾಯಗೊಳಿಸುತ್ತವೆ. ಆ ಗಾಯವನ್ನು ಮುಚ್ಚಲು ಗೋಡೆಯ ಸ್ನಾಯುಕೋಶಗಳು ಬೆಳೆಯುತ್ತವೆ, ಕೆಲವರಲ್ಲಿ ಆ ಬೆಳವಣಿಗೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ. 1977ರಲ್ಲಿ ವೈದ್ಯ ಆಂಡ್ರಿಯಾಸ್ ಗ್ರುಂಟ್‌ಜಿಗ್ ಅವರು ಬರಿಯ ಬಲೂನಿನಿಂದ ಹೃದಯದ ನಾಳವನ್ನು ಅಗಲಿಸಿದ ಕಾಲದಿಂದಲೂ ಈ ತೊಡಕು ಇದೆ. 1986ರಲ್ಲಿ ಮೊದಲ ಬಾರಿಗೆ ಹೃದಯದ ನಾಳದಲ್ಲಿ ಕೂರಿಸಿದ ಸ್ಟೆಂಟ್, ನಾಳ ಕುಗ್ಗಿ ಹಿಂದಿರುಗುವುದನ್ನು ತಡೆಯಿತು, ಆದರೆ ಗಾಯದ ಬೆಳವಣಿಗೆಗೆ ತಾನೇ ಕಾರಣವಾಯಿತು.

ಸ್ಟೆಂಟಿನ ವಿನ್ಯಾಸದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ನೀವು ಉಡುಪಿಗೆ ಹೋಗುವಾಗ ದಾಟುವ ಉದ್ಯಾವರದ ಸೇತುವೆಯ ಕೆಳಗೆ ಮಳೆಗಾಲದಲ್ಲಿ ನೋಡಿ: ಕಂಬದ ಹಿಂಬದಿಯಲ್ಲಿ ನೀರು ಮುಂದೆ ಹರಿಯದೆ ಅಲ್ಲಿಯೇ ಸುಳಿಯುತ್ತದೆ. ದಪ್ಪ ತಂತಿಯ ಹಿಂದೆ ರಕ್ತವೂ ಹಾಗೆಯೇ ಸುಳಿಯುತ್ತದೆ. ಗೋಡೆಯ ಮೇಲೆ ಹರಿವಿನ ಸವರಿಕೆ ಕಡಿಮೆಯಾದಲ್ಲಿ ಕೋಶಗಳು ಹೆಚ್ಚು ಬೆಳೆಯುತ್ತವೆ, ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು. 2001ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಔಷಧ ಲೇಪನವಿಲ್ಲದ ಎರಡು ಬಗೆಯ ಸ್ಟೆಂಟುಗಳನ್ನು ಹೋಲಿಸಿದಾಗ, 50 ಮೈಕ್ರಾನ್ ತಂತಿಯದರಲ್ಲಿ ಶೇ. 15ರಷ್ಟು ರೋಗಿಗಳಿಗೂ 140 ಮೈಕ್ರಾನ್ ತಂತಿಯದರಲ್ಲಿ ಸುಮಾರು ಶೇ. 26ರಷ್ಟು ರೋಗಿಗಳಿಗೂ ನಾಳ ಮತ್ತೆ ಕಿರಿದಾಗಿತ್ತು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಅಷ್ಟು ಸಣ್ಣ ಅಂತರ ಅಷ್ಟು ಮಂದಿಯ ಬದುಕನ್ನು ಮುಟ್ಟಿತು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ತಂತಿಗಳು ಒಂದಕ್ಕೊಂದು ಕೂಡುವ ಗಂಟುಗಳೂ ಮುಖ್ಯ. ಗಂಟುಗಳು ಹೆಚ್ಚಿದರೆ ಸ್ಟೆಂಟ್ ಬಿಗಿಯಾಗುತ್ತದೆ, ಪ್ರತಿ ಬಡಿತಕ್ಕೂ ಬಾಗಬೇಕಾದ ನಾಳವನ್ನು ನೆಟ್ಟಗೆ ಮಾಡಿಬಿಡುತ್ತದೆ. ಆಗ ಅದರ ಎರಡು ತುದಿಗಳಲ್ಲಿ ನಾಳ ಮಡಿಚಿದಂತಾಗಿ ಒತ್ತಡ ಬೀಳುತ್ತದೆ. ಹಾಗೆಂದು ತಂತಿಯನ್ನು ಎಷ್ಟು ಬೇಕಾದರೂ ತೆಳುಗೊಳಿಸಲು ಬರುವುದಿಲ್ಲ, ಸುಣ್ಣಗಟ್ಟಿದ ಬ್ಲಾಕನ್ನು ಅಗಲವಾಗಿ ಹಿಡಿದಿಡುವ ಬಲ ಅದಕ್ಕಿರಬೇಕು. ಸ್ಟೀಲಿನ ಬದಲು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಬಂದ ಮೇಲೆ ಬಲ ಉಳಿಸಿಕೊಂಡು 80 ಮೈಕ್ರಾನ್ ಮತ್ತು ಅದಕ್ಕಿಂತ ತೆಳುವಾದ ತಂತಿಗಳನ್ನು ಮಾಡುವುದು ಸುಲಭವಾಯಿತು. ದೇಹದಲ್ಲಿ ಕರಗಿಹೋಗುವ ಸ್ಟೆಂಟ್ ಎಂದು ಭರವಸೆ ಹುಟ್ಟಿಸಿದ್ದ ‘ಅಬ್ಸಾರ್ಬ್’ನ ತಂತಿ ಸುಮಾರು 150 ಮೈಕ್ರಾನ್ ದಪ್ಪವಿತ್ತು, ಅದರಲ್ಲಿ ರಕ್ತ ಹೆಪ್ಪುಗಟ್ಟುವುದು ಲೋಹದ ಸ್ಟೆಂಟಿಗಿಂತ ಹೆಚ್ಚೆಂದು ಕಂಡುಬಂದು, 2017ರಲ್ಲಿ ಅದರ ಮಾರಾಟ ನಿಂತಿತು.

ಇನ್ನು ನಿಮ್ಮನ್ನು ಕಾಡುತ್ತಿರುವ ಬೆಲೆಯ ವಿಷಯ. 2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಬರಿಲೋಹದ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ ಗರಿಷ್ಠ ಬೆಲೆ ಗೊತ್ತುಮಾಡಿದಾಗ, ಔಷಧ ಲೇಪಿತ ಸ್ಟೆಂಟುಗಳಲ್ಲಿ ದಪ್ಪ ತಂತಿ, ತೆಳು ತಂತಿ ಎಂಬ ಭೇದ ಮಾಡಲಿಲ್ಲ. ಆದ್ದರಿಂದ ಬೆಲೆ ನೋಡಿ ವಿನ್ಯಾಸವನ್ನು ಅಳೆಯಲಾಗದು. ನೀವು ಒಪ್ಪಿದ್ದು ಔಷಧ ಲೇಪಿತ ಸ್ಟೆಂಟನ್ನೇ. ಮರುಬೆಳವಣಿಗೆಯನ್ನು ಎಲ್ಲಕ್ಕಿಂತ ಹೆಚ್ಚು ತಗ್ಗಿಸಿದ್ದು ಆ ಲೇಪನವೇ. ನಿಮ್ಮ ಆಯ್ಕೆಯಿಂದ ತಂದೆಯವರಿಗೆ ಹೀಗಾಯಿತೆಂದು ಹೇಳಲು ನನಗೆ ಯಾವ ಆಧಾರವೂ ಕಾಣುವುದಿಲ್ಲ.

ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆಯೆಂದು ನೀವೇ ಬರೆದಿದ್ದೀರಿ. ಮರುಬೆಳವಣಿಗೆಗೆ ಅದು ದೊಡ್ಡ ಕಾರಣ. ಸಪೂರ ನಾಳ, ಉದ್ದನೆಯ ಸ್ಟೆಂಟ್, ಕೂರಿಸುವಾಗ ಪೂರ್ತಿ ಅರಳದಿರುವುದು ಇವೂ ಕಾರಣಗಳೇ. ಆದ್ದರಿಂದ ಮುಂದಿನ ಚಿಕಿತ್ಸೆಗೆ ಮೊದಲು, ನಾಳದ ಒಳಗಿನಿಂದಲೇ ಚಿತ್ರ ತೆಗೆಯುವ ಐವಸ್ ಅಥವಾ ಓಸಿಟಿ ಪರೀಕ್ಷೆಯಿಂದ ಹಳೆಯ ಸ್ಟೆಂಟ್ ಸರಿಯಾಗಿ ಅರಳಿದೆಯೇ ಎಂದು ನೋಡುವರೇ ಎಂದು ವೈದ್ಯರನ್ನು ದಯವಿಟ್ಟು ಕೇಳಿ. ಅರಳದಿರುವುದೇ ಕಾರಣವಾದರೆ ಮೊದಲು ಅದನ್ನು ಸರಿಪಡಿಸಬೇಕಾಗುತ್ತದೆ. ಬೆಳವಣಿಗೆ ಕಾರಣವಾದರೆ ಔಷಧ ಲೇಪಿತ ಬಲೂನಿನಿಂದ ಚಿಕಿತ್ಸೆ ಮಾಡುವುದೂ ಉಂಟು, ಆಗ ಒಳಗೆ ಇನ್ನೊಂದು ಪದರ ಲೋಹ ಸೇರುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನು, ಹಲ್ಲು ಕೀಳಿಸುವುದಕ್ಕಾದರೂ ಸರಿ, ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.