ಜಾಮೀನಿನ ಮೇಲಿರುವವನಿಗೆ ಊಟ ಹಾಕಲ್ಲ ಅನ್ನಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಕೊಪ್ಪಳ ಬಸ್ ಸ್ಟ್ಯಾಂಡ್ ಹತ್ತಿರ ನಿಮ್ಮದೊಂದು ಖಾನಾವಳಿ ಇದೆ. ಕಳ್ಳತನದ ಕೇಸಲ್ಲಿ ಜಾಮೀನು ಸಿಕ್ಕ ಹುಡುಗನೊಬ್ಬ ತಿಂಗಳ ಲೆಕ್ಕದಲ್ಲಿ ಊಟಕ್ಕೆ ಬರುತ್ತಾನೆ. 'ಅವನಿಗೆ ಹಾಕಿದ್ರೆ ನಾವು ಬರಲ್ಲ' ಅಂತ ಉಳಿದ ಗಿರಾಕಿಗಳು ಕೂತಿದ್ದಾರೆ. ಅವನಿಗೆ ಬೇಡ ಅನ್ನಬಹುದಾ?

ಅನ್ನಬಹುದು. ನಾನು ಗಂಗಾವತಿಯಲ್ಲಿ ವಕೀಲ, ಹಾಗಾಗಿ ಮೊದಲು ಕಾನೂನು ಹೇಳಿಬಿಡುತ್ತೇನೆ. ಸಂವಿಧಾನದ 15(2)ನೇ ವಿಧಿ ಪ್ರಕಾರ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಯಾರನ್ನೂ ಅಂಗಡಿ, ಹೋಟೆಲ್‌ನಿಂದ ಹೊರಗಿಡುವ ಹಾಗಿಲ್ಲ. ಪೊಲೀಸ್ ಕೇಸು ಆ ಪಟ್ಟಿಯಲ್ಲಿ ಇಲ್ಲ.

ಆದರೆ ಆ ಹುಡುಗ ಯಾರ ಪೈಕಿ ಅಂತ ನೀವು ಬರೆದಿಲ್ಲ. ನನಗೆ ಅನುಮಾನ ಬರುವುದೇ ಅಲ್ಲಿ. ಅವನು ದಲಿತ ಅಂತಿಟ್ಟುಕೊಳ್ಳಿ. ಅಂಥದ್ದೇ ಕೇಸಿರುವ ಬೇರೆ ಜಾತಿಯವನು ನಿಮ್ಮಲ್ಲೇ ಆರಾಮಾಗಿ ಕೂತು ಉಂಡು ಹೋಗುತ್ತಿದ್ದರೆ, ಕೇಸಿನ ನೆಪ ಕೋರ್ಟಲ್ಲಿ ನಿಲ್ಲುವುದು ಕಷ್ಟ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ 1 ತಿಂಗಳಿಂದ 6 ತಿಂಗಳವರೆಗೆ ಜೈಲು. ಅಟ್ರಾಸಿಟಿ ಕಾಯ್ದೆ ಬೇರೆ ಇದೆ. ನಮ್ಮ ಜಿಲ್ಲೆಯವರಿಗೆ ಮರಕುಂಬಿ ನೆನಪಿರಬೇಕಲ್ವಾ? ದಲಿತರಿಗೆ ಹೋಟೆಲ್, ಕಟಿಂಗ್ ಅಂಗಡಿ ಬಾಗಿಲು ಮುಚ್ಚಿದ ಊರು. 2014ರಲ್ಲಿ ಅಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳ ಕೋರ್ಟ್ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದರ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಹೋಗಿದೆ.

ಕೇಸಿದೆ ಅಂತ ವಾಪಸ್ ಕಳಿಸಲು ಎಲ್ಲರಿಗೂ ಆಗುವುದಿಲ್ಲ. ಗಾಯಗೊಂಡು ಬಂದವನು ನಿರಪರಾಧಿಯೋ ಅಪರಾಧಿಯೋ ಅಂತ ನೋಡದೆ ಡಾಕ್ಟರು ಜೀವ ಉಳಿಸಬೇಕು ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೆಡಿಕಲ್ ಶಾಪಿನವರು ಇರುವ ಔಷಧಿಯನ್ನು ಕೊಡಲ್ಲ ಅನ್ನುವ ಹಾಗಿಲ್ಲ. ಆಟೋದವರೂ ಸುಮ್ನೆ ಬರಲ್ಲ ಅನ್ನಬಾರದು, ದಂಡ ಮಾತ್ರ ಹೆಚ್ಚೆಂದರೆ 50 ರೂಪಾಯಿ! ಇಂಥ ಆರೋಪಿ ಪರ ಯಾರೂ ನಿಲ್ಲಬಾರದು ಅಂತ ನಮ್ಮ ವಕೀಲರ ಸಂಘಗಳೇ ಠರಾವು ಮಾಡುತ್ತಿದ್ದವು. ಅಂಥ ಠರಾವು ಸಂವಿಧಾನಕ್ಕೇ ವಿರುದ್ಧ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಬೈದಿದೆ.

ನನ್ನನ್ನು ಕೇಳಿದರೆ, ಹಾಕಿ. ಅವನ ಮೇಲಿರುವುದು ಬರೀ ಆರೋಪ. ಕೇಸಿದ್ದವರು ನಮ್ಮ ಕಡೆ ಎಲೆಕ್ಷನ್‌ಗೇ ನಿಲ್ಲುತ್ತಾರೆ. ತಾರೀಖಿನ ದಿನ ಕೋರ್ಟ್ ಹತ್ತಿರದ ಖಾನಾವಳಿಗೆ ಹೋಗಿ ನೋಡಿ. ಆರೋಪಿ, ಸಾಕ್ಷಿ, ಪೇದೆ ಒಂದೇ ಸಾಲಲ್ಲಿ ಕೂತು ಪುಂಡಿಪಲ್ಲೆ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿರುತ್ತಾರೆ. ಕೇಸಿನವರು ಬೇಡ ಅಂದರೆ ಆ ಮಾಲೀಕ ಒಲೆ ಆರಿಸಬೇಕಾಗುತ್ತದೆ. ಕುಡಿದು ಬಂದು ಗಲಾಟೆ ಮಾಡಿದರೆ, ಬಾಕಿ ಕೊಡದಿದ್ದರೆ ಯಾರನ್ನಾದರೂ ಎಬ್ಬಿಸಿ ಕಳಿಸಿ, ಆ ಮಾತೇ ಬೇರೆ. ಗಲ್ಲಾಪೆಟ್ಟಿಗೆ ಚಿಂತೆ ಇದ್ದರೆ ಮೇಲೊಂದು ಕ್ಯಾಮೆರಾ ಹಾಕಿಸಿ. ಇವನೊಬ್ಬನನ್ನೇ ಮೂಲೆಯಲ್ಲಿ ಬೇರೆ ಕೂರಿಸುವ ಉಪಾಯ ಮಾತ್ರ ಮಾಡಬೇಡಿ.

ಇಷ್ಟಾದ ಮೇಲೂ ಬೇಡ ಅನಿಸಿದರೆ, ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ. ನಾಲ್ಕು ಜನರ ಎದುರು ಕಳ್ಳ ಅನ್ನುವುದು, ಬಾಗಿಲಿಗೆ ಅವನ ಫೋಟೋ ಅಂಟಿಸುವುದು, ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕುವುದು ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನನಷ್ಟದ ಕೇಸು ನಿಮ್ಮ ಮೇಲೇ ಬೀಳಬಹುದು. ತಿಂಗಳ ದುಡ್ಡು ಮುಂಗಡ ತಗೊಂಡಿದ್ದರೆ ಉಳಿದ ದಿನಗಳದ್ದನ್ನು ಅವತ್ತೇ ಕೊಟ್ಟುಬಿಡಿ. ಇಲ್ಲದಿದ್ದರೆ ಅವನು ಗ್ರಾಹಕರ ಆಯೋಗಕ್ಕೆ ಹೋಗಬಹುದು, 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ಕೈಗೆ ಕೊಡಬೇಡಿ, ಫೋನ್‌ಪೇ ಮಾಡಿ. ಕೊಟ್ಟಿದ್ದಕ್ಕೆ ದಾಖಲೆ ಇರುತ್ತದೆ.