ಬಚ್ಚಲಲ್ಲಿ ಮೂರು ಬಕೆಟ್

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ನನ್ನಲ್ಲಿಗೆ ಆಪ್ತಸಲಹೆಗೆ ಮೊದಲು ಬಂದವರು ಹೆಂಡತಿ. "ನಮ್ಮ ಮನೆಯವರು ಸ್ನಾನದ ನೀರೂ ಅಳೀತಾರ್ರೀ, ಇಷ್ಟು ಜಿಪುಣರಾದ್ರೆ ಹೆಂಗೆ?" ಎಂಬುದು ದೂರು. ದಾವಣಗೆರೆಯ ಬಾಡಿಗೆ ಮನೆ. ಗಂಡ, ಹೆಂಡತಿ, ಅತ್ತೆ. ಬಚ್ಚಲಲ್ಲಿ 15 ಲೀಟರಿನ ಮೂರು ಬಕೆಟ್, ದಿನಕ್ಕೆ ತಲೆಗೊಂದರಂತೆ. ಸ್ನಾನ, ಅಡುಗೆ, ಪಾತ್ರೆ ಎಲ್ಲ ಅದರಲ್ಲೇ. ಅತ್ತೆ ಪಕ್ಕದ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬರುವಂತಾಗಿತ್ತು.

ಗಂಡ ಚಳ್ಳಕೆರೆ ಕಡೆಯ ಎಂಜಿನಿಯರ್. ಬಾಂಗ್ಲಾದೇಶದ ಕುಟುಪಾಲಾಂಗ್ ನಿರಾಶ್ರಿತರ ಶಿಬಿರದಲ್ಲಿ ನೀರು ಸರಬರಾಜು ನೋಡಿಕೊಂಡಿದ್ದು ಮರಳಿದವರು. 2017ರ ಆಗಸ್ಟ್‌ನಿಂದೀಚೆಗೆ ಮ್ಯಾನ್ಮಾರ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಓಡಿಬಂದು, ಆ ಸೀಮೆಯ ಗುಡ್ಡಗಳ ಮೇಲೆ ಬಿದಿರು-ಟರ್ಪಾಲಿನ ಗೂಡುಗಳಲ್ಲಿ ನೆಲೆನಿಂತರು.

ಮೊದಲ ಎರಡು ಭೇಟಿಯಲ್ಲೂ ಗಂಡ ಬಾಯಿ ಬಿಡಲಿಲ್ಲ. ಎಳೆ ಸಿಕ್ಕಿದ್ದು ಹೆಂಡತಿ ಆಡಿದ ಇನ್ನೊಂದು ದೂರಿನಲ್ಲಿ: ನೀರಿಗೆ ಇಷ್ಟು ಬಿಗಿ ಮಾಡುವವರು ಶೌಚಾಲಯದ ಬಲ್ಬನ್ನು ರಾತ್ರಿಯಿಡೀ ಉರಿಸುತ್ತಾರಂತೆ. ಜಿಪುಣ ಹಾಗೆ ಮಾಡುವುದಿಲ್ಲ. ಬಲ್ಬಿನ ಬಗ್ಗೆಯೇ ಕೇಳಿದೆ. ಶಿಬಿರದಲ್ಲಿ ಶೌಚಾಲಯ ಹಲವು ಮನೆಗಳಿಗೆ ಸೇರಿ ಒಂದು. ಕತ್ತಲಲ್ಲಿ ಇಳಿಜಾರು ಇಳಿಯಲು ಅಂಜಿ ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಿದ್ದರು ಎಂದರು. ಆಮೇಲೆ ಒಂದು ಗಂಟೆ ಮಾತು ನಿಲ್ಲಲಿಲ್ಲ.

ಅವರ ತಲೆಯಲ್ಲಿದ್ದದ್ದು ಸ್ಫಿಯರ್ ಎಂಬ ಪರಿಹಾರ ಕಾರ್ಯದ ಮಾನದಂಡ: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್, ಒಂದು ನಲ್ಲಿಗೆ 250 ಜನ, ಮನೆಯಿಂದ ನಲ್ಲಿಗೆ 500 ಮೀಟರ್ ಮೀರಬಾರದು. ನಲ್ಲಿಯ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಒಂದು ವಾಲ್ವ್ ಕೆಟ್ಟರೆ ಪಾಳಿ ಬೆಳೆಯುತ್ತದೆ, ಕಾಯಲಾಗದವರು ಸಿಕ್ಕ ಹೊಂಡದ ನೀರು ತರುತ್ತಾರೆ, ಬೇಧಿ ಹರಡುತ್ತದೆ. ಅಲ್ಲಿ ಅವರ ಲೆಕ್ಕ ಜನರನ್ನು ಉಳಿಸಿತ್ತು. ಮನೆಗೆ ಬಂದ ಮೇಲೆ ಅದನ್ನು ನಿಲ್ಲಿಸುವುದು ಯಾರಿಗೋ ದ್ರೋಹ ಮಾಡಿದಂತೆ ಕಾಣುತ್ತಿತ್ತು.

"ಅದನ್ನೆಲ್ಲ ಮರೀರಿ" ಎಂದು ನಾನು ಹೇಳಲಿಲ್ಲ. ಮನೆಯವರು ಹೇಳಿ ಹೇಳಿ ಅದು ಹೆಚ್ಚೇ ಆಗಿತ್ತು. ಬದಲಿಗೆ ಒಂದು ಹಾಳೆಯಲ್ಲಿ, ತಲೆಗೆ ದಿನಕ್ಕೆ ಎಷ್ಟು ಲೀಟರ್ ಎಂಬ ಮೂರು ಅಂಕಿ ಬರೆಸಿದೆ: ತುರ್ತಿನ ಕನಿಷ್ಠ 15, ಜಲಜೀವನ್ ಮಿಷನ್ ಹಳ್ಳಿಗೆ ಇಟ್ಟಿರುವ 55, ನಗರಕ್ಕೆ ಹೇಳುವ 135. ಮೂರೂ ಅವರಿಗೆ ಗೊತ್ತಿದ್ದವೇ. ಮನೆಯ ಅಳತೆ ಯಾವುದಿರಲಿ ಎಂದು ಮೂವರೂ ಕೂತು ತೀರ್ಮಾನಿಸಲು ಹೇಳಿದೆ. ಅತ್ತೆ 55 ಎಂದರು, ಬರಗಾಲದ ಸೀಮೆಯ ಹೆಣ್ಣುಮಗಳು! ವಾರಕ್ಕೆ ಒಬ್ಬರಂತೆ ಅಳತೆಯ ಬಕೆಟ್ ತೆಗೆಯುವುದು, ಮೂರನೇ ವಾರಕ್ಕೆ ಅಳತೆ ನಿಲ್ಲಿಸುವುದು ಎಂದು ಒಪ್ಪಿಗೆಯಾಯಿತು. ಒಂದೇ ದಿನ ಮೂರನ್ನೂ ತೆಗೆಸಿದರೆ ಆತಂಕ ಏರಿ ಮತ್ತೆ ಅಳತೆಗೇ ಮರಳುತ್ತಾರೆ.

ರಾತ್ರಿಯ ತೊಂದರೆ ಬೇರೆ. ಪಕ್ಕದ ತಗಡಿನ ಮೇಲೆ ಮಳೆ ಬಿದ್ದರೆ ಎದ್ದು ಬಾಗಿಲಿಗೆ ಓಡುತ್ತಿದ್ದರು. ಅಲ್ಲಿ ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ. ಇದಕ್ಕೆ ಹೇಳಿಕೊಟ್ಟದ್ದು: ದೀಪ ಹಾಕಿ, ಎರಡೂ ಪಾದ ನೆಲಕ್ಕೂರಿ, ಅಂಗೈಯನ್ನು ಗೋಡೆಗೊತ್ತಿ "ಇದು ಇಟ್ಟಿಗೆ ಗೋಡೆ, ಇದು ದಾವಣಗೆರೆ" ಎಂದು ದನಿ ತೆಗೆದು ಹೇಳುವುದು, ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡುವುದು, ಹತ್ತು ಸಲ. ಹೆಂಡತಿ ಹಿಂದಿನಿಂದ ಮುಟ್ಟಬಾರದು, ಮೊದಲು ಹೆಸರು ಹಿಡಿದು ಕರೆಯಬೇಕು. ಹಗಲು ರೂಢಿ ಮಾಡದಿದ್ದರೆ ರಾತ್ರಿ ಇದು ಕೈಗೆ ಬರುವುದಿಲ್ಲ.

ಮೊಬೈಲ್ ಇನ್ನೊಂದು ಗಾಯ. 2023ರಲ್ಲಿ ಅಲ್ಲಿನ ಪಡಿತರದ ನೆರವು ತಲೆಗೆ ತಿಂಗಳಿಗೆ 12 ಡಾಲರ್‌ನಿಂದ 8ಕ್ಕೆ ಇಳಿದಾಗ ಶಿಬಿರದವರಿಂದ ಬಂದ ಸಂದೇಶಗಳನ್ನು ಈಗಲೂ ತೆಗೆದು ಓದುತ್ತಿದ್ದರು. ಸಂಬಂಧ ಕಡಿಯಬೇಡಿ ಎಂದೆ. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ. ಹಣ ಕಳಿಸುವುದಿದ್ದರೆ ಹೆಂಡತಿಯೊಡನೆ ಮೊದಲೇ ನಿಗದಿ ಮಾಡಿದ ಮೊತ್ತ. ನಡೆಸಲಾಗದ ಮಾತನ್ನು ಯಾರಿಗೂ ಕೊಡಬಾರದು.

ಐದನೇ ಭೇಟಿಯ ಹೊತ್ತಿಗೆ ನಿದ್ದೆ ಆರು ಗಂಟೆಗೆ ಬಂದಿತ್ತು. ಅಷ್ಟೂ ಬಾರದೆ, ಬೆಚ್ಚಿ ಏಳುವುದು ತಿಂಗಳು ಮೀರಿಯೂ ಹಾಗೇ ಉಳಿದಿದ್ದರೆ, ಅಥವಾ ಕುಡಿತ, ಸಾಯುವ ಮಾತು ಸೇರಿಕೊಂಡಿದ್ದರೆ ತಡಮಾಡದೆ ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆ. ರಾತ್ರಿ ವೇಳೆ ಬೇಕಾದರೆ ಇರಲೆಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಬಲ್ಬು ಈಗಲೂ ಉರಿಯುತ್ತದೆ. ಅದನ್ನು ಆರಿಸಿ ಎಂದು ನಾನು ಹೇಳಿಲ್ಲ.